ಲೆಕ್ಕಕ್ಕುಂಟು, ಆಟಕ್ಕಿಲ್ಲ: ಪ್ರಾಥಮಿಕ ಶಾಲೆಯ ಗಣಿತ ಕಿಟ್ ಹೇಗಿದೆ?

ರಾಯಚೂರು ಜಿಲ್ಲೆಯ ಬಹಳಷ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳ ಅಲಮಾರಿಯಲ್ಲಿ ಒಂದು ಗಣಿತ ಕಿಟ್ ಕೂತಿದೆ. ದಾಸ್ತಾನು ವಹಿಗೆ ಏರಿದೆ, ಸಿಆರ್‌ಪಿ (ಶಾಲೆಗಳನ್ನು ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಮೇಜಿನ ಮೇಲೆ ಬಂದಿದೆ, ಅವರು ಹೋದ ಮೇಲೆ ಮತ್ತೆ ಒಳಗೆ ಹೋಗಿ ಕೀಲಿ ಬಿದ್ದಿದೆ. ಇಂಥದ್ದೇ ಪೆಟ್ಟಿಗೆಗಳು ಸ್ಟೇಷನರಿ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಖಾಸಗಿ ಶಾಲೆಯವರೂ ಮನೆಯಲ್ಲಿ ಟ್ಯೂಷನ್ ಹೇಳುವವರೂ ಕೊಳ್ಳುತ್ತಾರೆ. ಒಳಗಿನ ಸಾಮಾನು ಎಲ್ಲ ಕಡೆ ಹೆಚ್ಚೂ ಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರೂ ಬರುವುದಿಲ್ಲ. ಸಾಮಾನು ಒಂದೊಂದನ್ನೂ ತರಗತಿಯೊಳಗೆ ಇಟ್ಟು ನೋಡಿದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದಷ್ಟೇ ವಿಷಯ.

ತೀರ್ಪು ಮೊದಲೇ ಹೇಳಿಬಿಡಬಹುದು. ಇಪ್ಪತ್ತರ ಆಸುಪಾಸಿನ ಸಾಮಾನುಗಳಲ್ಲಿ ಐದು ಮಾತ್ರ ವರ್ಷವಿಡೀ ಮಕ್ಕಳ ಕೈಯಲ್ಲಿ ಇರಬೇಕಾದವು: ದಶಮಾನ ಘನಗಳು, ಸ್ಥಾನಬೆಲೆ ಪಟ್ಟಿಗಳು, ಭಿನ್ನರಾಶಿ ಪಟ್ಟಿಗಳು, ನೂರು ಮಣಿಗಳ ಮಾಲೆ, ಆಟದ ನೋಟುಗಳು. ಗಡಿಯಾರ, ಟೇಪು, ಕೋನಮಾಪಕ, ಘನಾಕೃತಿಗಳು ಆಯಾ ಪಾಠ ಬಂದ ವಾರ ಹೊರಗೆ ಬಂದರೆ ಸಾಕು. ತಕ್ಕಡಿಯಂತೂ ಪೆಟ್ಟಿಗೆಯಲ್ಲಿ ಇರದಿದ್ದರೂ ನಡೆಯುತ್ತಿತ್ತು.

ಈ ಕಿಟ್ ನಾಲ್ಕನೇ ತರಗತಿಯಲ್ಲಿ ಯಾಕೆ ಮುಖ್ಯ ಅಂದರೆ, ಮೂರನೇ ತರಗತಿವರೆಗೆ ನಮ್ಮ ಮಕ್ಕಳು ನಲಿ-ಕಲಿಯಲ್ಲಿ ಬೆಳೆದವರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹಬ್ಬಿದ, ಚಟುವಟಿಕೆಯಿಂದ ಕಲಿಸುವ ಪದ್ಧತಿ ಅದು. ನೆಲದ ಮೇಲೆ ತಟ್ಟೆ ಎಂಬ ಸಣ್ಣ ಗುಂಪು, ಕಾರ್ಡು, ಹಂತ ಹಂತವಾಗಿ ಏರುವ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ. ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಕರಿಹಲಗೆ. ಕಡ್ಡಿ, ಬೀಜ ಹಿಡಿದು ಲೆಕ್ಕ ಮಾಡಿದ ಮಗುವಿಗೆ ಇದ್ದಕ್ಕಿದ್ದಂತೆ ನಾಲ್ಕು ಅಂಕಿಯ ಸಂಖ್ಯೆ ಬರೀ ಹಲಗೆಯ ಮೇಲಿನ ಗೆರೆಯಾಗಿ ಕಾಣಿಸುತ್ತದೆ. ಕಿಟ್ ನಿಲ್ಲಬೇಕಾದ ಜಾಗ ಇದು. ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ದಿನಗಳಲ್ಲೇ ಅದು ಹೊರಗೆ ಬರಬೇಕು. ಜನವರಿಯಲ್ಲಿ ಭಾಗಾಕಾರಕ್ಕೆ ಬಂದಾಗ ಮೊದಲ ಸಲ ತೆಗೆದರೆ ಮಕ್ಕಳು ಅದರಲ್ಲಿ ಮನೆ ಕಟ್ಟಿ ಆಡುತ್ತಾರೆ, ತಪ್ಪೂ ಅವರದ್ದಲ್ಲ.

ದಶಮಾನ ಘನಗಳ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಪೆಟ್ಟಿಗೆಯ ಅರ್ಧ ಬೆಲೆ ಇದರಲ್ಲೇ ಇದೆ. ಬಿಡಿ ಅಂದರೆ 1 ಸೆಂ.ಮೀ. ಘನ, ಹತ್ತು ಬಿಡಿಯ ಉದ್ದಕ್ಕೆ ಒಂದು ಕೋಲು, ಹತ್ತು ಕೋಲಿನ ಅಗಲಕ್ಕೆ ಒಂದು ನೂರರ ಹಲಗೆ. ಕೆಲವು ಪೆಟ್ಟಿಗೆಗಳಲ್ಲಿ ಸಾವಿರದ ದೊಡ್ಡ ಘನವೂ ಇರುತ್ತದೆ. ಇದರ ನಿಜವಾದ ಕೆಲಸ ದಶಕ ಸಹಿತ ಕಳೆಯುವ ಲೆಕ್ಕದಲ್ಲಿ.

302ರಲ್ಲಿ 148 ಕಳೆಯಿರಿ ಅಂದರೆ ತರಗತಿಯಲ್ಲಿ ಕೆಲವರಾದರೂ 246 ಎಂದು ಬರೆಯುತ್ತಾರೆ. ಅವರು ಲೆಕ್ಕ ಮಾಡದೆ ಬರೆದದ್ದಲ್ಲ. ಮೂರರಲ್ಲಿ ಒಂದು ಹೋದರೆ ಎರಡು. ಸೊನ್ನೆ ಮತ್ತು ನಾಲ್ಕರಲ್ಲಿ ದೊಡ್ಡದರಿಂದ ಸಣ್ಣದು ಕಳೆದರೆ ನಾಲ್ಕು. ಎರಡು ಮತ್ತು ಎಂಟರಲ್ಲಿ ಹಾಗೇ ಕಳೆದರೆ ಆರು. ನಿಯಮ ತಪ್ಪು, ಪಾಲಿಸಿದ್ದು ಚೊಕ್ಕವಾಗಿ. ಇದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ತಿದ್ದಿದರೂ ಮರುದಿನ ಮತ್ತೆ ಬರುತ್ತದೆ.

ಘನಗಳಿಂದ ಮಾಡುವ ಕ್ರಮ ಹೀಗೆ. ಐದು ಮಕ್ಕಳ ಗುಂಪು, ಅದರಲ್ಲಿ ಒಬ್ಬರು ಬ್ಯಾಂಕು. ನಡುವೆ 3 ಹಲಗೆ, 2 ಬಿಡಿ ಮಾತ್ರ ಇಡಿಸಿ. ಎಂಟು ಬಿಡಿ ಕೊಡಬೇಕು, ಇರುವುದು ಎರಡೇ. ಕೋಲು ಒಡೆಯೋಣ ಅಂದರೆ ಕೋಲೇ ಇಲ್ಲ. ಈ ಹಂತದಲ್ಲಿ ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಕಾಯುವುದು ಶಿಕ್ಷಕರ ಕೆಲಸ. ಯಾರಾದರೂ ಒಬ್ಬರು ಹಲಗೆ ಬದಲಿಸೋಣ ಅನ್ನುತ್ತಾರೆ. ಒಂದು ಹಲಗೆ ಬ್ಯಾಂಕಿಗೆ ಹೋಗಿ 10 ಕೋಲು ಬರುತ್ತದೆ, ಅದರಲ್ಲಿ ಒಂದು ಕೋಲು ಹೋಗಿ 10 ಬಿಡಿ ಬರುತ್ತದೆ. ಈಗ ಮುಂದಿರುವುದು 2 ಹಲಗೆ, 9 ಕೋಲು, 12 ಬಿಡಿ. 1 ಹಲಗೆ, 4 ಕೋಲು, 8 ಬಿಡಿ ತೆಗೆದರೆ ಉಳಿದದ್ದು 154. ಕರಿಹಲಗೆಯ ಮೇಲೆ ಲೆಕ್ಕ ಮಾಡುವಾಗ ಆ ಸೊನ್ನೆ ಒಂಬತ್ತು ಆದದ್ದು ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕೆಂದು ಗೊತ್ತೂ ಇರುವುದಿಲ್ಲ. ಇಲ್ಲಿ ಆ 9 ಕೋಲು ಕಣ್ಣ ಮುಂದೆ ಬಿದ್ದಿರುತ್ತದೆ.

ಕೆಡುವ ಜಾಗಗಳು ಮೂರು. ಒಂದು, ಮಕ್ಕಳು 302ನ್ನೂ ಇಡುತ್ತಾರೆ, 148ನ್ನೂ ಇಡುತ್ತಾರೆ. ಕೂಡಿಸುವಾಗ ಎರಡನ್ನೂ ಇಟ್ಟ ರೂಢಿ ಅದು. ಕಳೆಯುವಾಗ ಮೇಲಿನ ಸಂಖ್ಯೆಯನ್ನಷ್ಟೇ ಇಡಬೇಕು, ಕೆಳಗಿನದು ಸ್ಲೇಟಿನಲ್ಲಿ ಇರಲಿ. ಎರಡು, ಬ್ಯಾಂಕಿನಿಂದ ಒಂಬತ್ತೋ ಹನ್ನೊಂದೋ ಬಿಡಿ ಎಣಿಸಿ ಕೊಡುತ್ತಾರೆ. ಕೋಲಿನ ಪಕ್ಕಕ್ಕೆ ಬಿಡಿಗಳನ್ನು ಸಾಲಾಗಿ ಹಚ್ಚಿ ಉದ್ದ ನೋಡಿಯೇ ಬದಲಿಸಬೇಕೆಂಬ ಕಟ್ಟಳೆ ಮಾಡಿದರೆ ಆ ತಂಟೆ ಮುಗಿಯುತ್ತದೆ. ಮೂರನೆಯದು ದೊಡ್ಡದು: ಘನದಲ್ಲಿ 154 ಸರಿಯಾಗಿ ಬರುತ್ತದೆ, ಅದೇ ಮಗು ನೋಟ್‌ಬುಕ್ಕಿನಲ್ಲಿ ಮತ್ತೆ 246 ಬರೆಯುತ್ತದೆ. ಕೈಯ ಕೆಲಸಕ್ಕೂ ಪೆನ್ಸಿಲ್ಲಿನ ಕೆಲಸಕ್ಕೂ ನಂಟು ಹಾಕದೆ ಬಿಟ್ಟರೆ ಹೀಗಾಗುತ್ತದೆ. ಒಂದು ಬದಲಾವಣೆ ಆದ ಕೂಡಲೇ ಅದನ್ನು ಸ್ಲೇಟಿನಲ್ಲಿ ಗೀಟು ಹೊಡೆದು ಬರೆಯಬೇಕು, ಆಮೇಲೆ ಮುಂದಿನ ಬದಲಾವಣೆ. ಎಲ್ಲ ಮುಗಿಸಿ ಕೊನೆಯಲ್ಲಿ ಬರೆಯಲು ಬಿಟ್ಟರೆ ಕಿಟ್ ಇದ್ದೂ ಇಲ್ಲದ ಹಾಗೆ.

ಒಂದು ಗುಂಪಿಗೆ ಬ್ಯಾಂಕೂ ಸೇರಿ 5 ಹಲಗೆ, 20 ಕೋಲು, 20 ಬಿಡಿ ಬೇಕು. ಮೂವತ್ತು ಮಕ್ಕಳ ಆರು ಗುಂಪಿಗೆ 120 ಕೋಲು, 120 ಬಿಡಿ ಆಯಿತು. ಒಂದು ಪೆಟ್ಟಿಗೆಯಲ್ಲಿ ಅಷ್ಟು ಸಾಮಾನು ಸಾಮಾನ್ಯವಾಗಿ ಇರುವುದಿಲ್ಲ. ಇದ್ದದ್ದನ್ನೇ ಆರು ಪಾಲು ಮಾಡಿದರೆ ಯಾರಿಗೂ ಲೆಕ್ಕ ಮುಗಿಯುವುದಿಲ್ಲ. ಎರಡು ಗುಂಪಿಗೆ ಪೂರ್ತಿ ಘನ ಕೊಟ್ಟು, ಉಳಿದ ನಾಲ್ಕಕ್ಕೆ ಪಟ್ಟಿ, ಮಾಲೆ, ನೋಟು ಕೊಟ್ಟು ದಿನಕ್ಕೊಂದು ಸುತ್ತು ತಿರುಗಿಸುವುದೇ ಸರಿ.

ಇನ್ನೊಂದು ಮಾತು. ಕೋಲು ಒಡೆಯುವುದಿಲ್ಲ, ಅದನ್ನು ಬದಲಿಸಿಕೊಳ್ಳಬೇಕು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟನ್ನಾದರೆ ಬಿಚ್ಚಬಹುದು. ಹಿಂದುಳಿದ ಮಗುವಿಗೆ ಮೊದಲು ಕಡ್ಡಿ ಕಟ್ಟೇ ವಾಸಿ. ಕಸಬರಿಗೆ ಕಡ್ಡಿಯನ್ನೋ ತೊಗರಿ ಕಟ್ಟಿಗೆಯ ಸಣ್ಣ ತುಂಡುಗಳನ್ನೋ ಒಂದಳತೆಗೆ ಕತ್ತರಿಸಿಕೊಂಡರೆ ಆಯಿತು. ಬಿಚ್ಚುವುದು ಕೈಗೆ ಬಂದ ಮೇಲೆ ಬದಲಿಸುವುದು. ಕಿಟ್‌ನ ಕೈಪಿಡಿ ಕಾರ್ಡುಗಳು ನೇರವಾಗಿ ಘನಕ್ಕೆ ಹಾರುವುದೇ ಹೆಚ್ಚು.

ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬೇಕು. ಹತ್ತು ಬಿಡಿಗಳನ್ನು ಒತ್ತಾಗಿ ಸಾಲು ಹಚ್ಚಿ ಕೋಲಿನ ಪಕ್ಕ ಇಡಿ. ಅಗ್ಗದ ಅಚ್ಚಿನಲ್ಲಿ ಎರಡು ಮೂರು ಮಿ.ಮೀ. ವ್ಯತ್ಯಾಸ ಬರುತ್ತದೆ. ದೊಡ್ಡವರು ಅದನ್ನು ಗಮನಿಸುವುದಿಲ್ಲ, ಹುಡುಗರು ಬಿಡುವುದಿಲ್ಲ: «ಸರ, ಹತ್ತು ಇಟ್ರೂ ಸಾಲವಲ್ದ್ರಿ» ಅನ್ನುತ್ತಾರೆ. ಅಲ್ಲಿಗೆ ಪಾಠ ಕೆಟ್ಟಂತೆ. ಫೋಮಿನ ಘನಗಳು ಸದ್ದು ಮಾಡುವುದಿಲ್ಲ, ಆದರೆ ಉಗುರಿನಿಂದ ಕಿತ್ತು ಮೂಲೆ ಸವೆಯುತ್ತವೆ. ಪ್ಲಾಸ್ಟಿಕ್ಕು ಗದ್ದಲ ಹೆಚ್ಚು, ಬಾಳಿಕೆಯೂ ಹೆಚ್ಚು. ಪ್ಲಾಸ್ಟಿಕ್ ತೆಗೆದುಕೊಂಡು ಕೆಳಗೆ ಗೋಣಿಚೀಲ ಹಾಸುವುದು ಒಳ್ಳೆಯದು.

ಐದನೇ ತರಗತಿಯ ದಶಮಾಂಶಕ್ಕೂ ಇದೇ ಘನಗಳನ್ನು ಬಳಸಿ ಎನ್ನುತ್ತಾರೆ: ಹಲಗೆ 1, ಕೋಲು 0.1, ಬಿಡಿ 0.01. ಉಪಾಯ ಒಳ್ಳೆಯದೇ, ಆದರೆ ಒಂದು ವರ್ಷ ಪೂರ್ತಿ ಹಲಗೆಗೆ ನೂರು ಅಂದ ಮಗುವಿಗೆ ಇಂದಿನಿಂದ ಅದು ಒಂದು ಎಂದರೆ ತಲೆ ತಿರುಗುತ್ತದೆ. 0.5 ದೊಡ್ಡದೋ 0.45 ದೊಡ್ಡದೋ ಅಂದರೆ ಐದಕ್ಕಿಂತ ನಲವತ್ತೈದು ದೊಡ್ಡದೆಂದು 0.45ಕ್ಕೆ ಬೆರಳು ತೋರಿಸುವವರೇ ಹೆಚ್ಚು. ಇದಕ್ಕೆ ಕಿಟ್‌ನ ಮೀಟರ್ ಟೇಪು ಘನಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಡೆಗೆ ಟೇಪು ಹಚ್ಚಿ 0.5 ಮೀಟರಿಗೆ ಒಂದು ಗೀಟು, 0.45 ಮೀಟರಿಗೆ ಒಂದು ಗೀಟು, 50 ಸೆಂ.ಮೀ., 45 ಸೆಂ.ಮೀ. ಎಂದು ಓದಿದರೆ ವಾದ ಮುಗಿಯಿತು. ಟೇಪಿನಲ್ಲಿ ಸೊನ್ನೆ ತುದಿಯಲ್ಲೇ ಇದೆಯೋ ಸ್ವಲ್ಪ ಒಳಗಿದೆಯೋ ಎಂದು ಮೊದಲು ನೋಡಿಕೊಳ್ಳಿ. ಬಟ್ಟೆ ಟೇಪು ಎಳೆದೆಳೆದು ಉದ್ದ ಆಗುತ್ತದೆ, ವರ್ಷಕ್ಕೊಮ್ಮೆ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಬೇಕು.

ಸ್ಥಾನಬೆಲೆ ಪಟ್ಟಿಗಳು ನೋಡಲು ಏನೂ ಅಲ್ಲ, ಬಣ್ಣದ ರಟ್ಟಿನ ತುಂಡುಗಳು. ಆದರೆ ನೂರಾ ಐದು ಅಂದರೆ 1005 ಎಂದು ಬರೆಯುವ ಮಗುವಿಗೆ ಇದಕ್ಕಿಂತ ಬೇಗ ಹತ್ತುವ ಸಾಧನ ಪೆಟ್ಟಿಗೆಯಲ್ಲಿ ಇಲ್ಲ. ಕೇಳಿದ್ದು ನೂರು, ಬರೆದದ್ದು 100. ಕೇಳಿದ್ದು ಐದು, ಬರೆದದ್ದು 5. ಎರಡನ್ನೂ ಅಂಟಿಸಿದರೆ 1005. ಪಟ್ಟಿಯಲ್ಲಿ 100ರ ಮೇಲೆ 5ನ್ನು ಬಲ ಅಂಚಿಗೆ ಕೂಡಿಸಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. ಪಟ್ಟಿ ಎತ್ತಿದರೆ ಸೊನ್ನೆ ಅಲ್ಲೇ ಇದೆ. 2000, 300, 40, 5 ಒಂದರ ಮೇಲೊಂದು ಇಟ್ಟರೆ 2345, ಬಿಡಿಸಿದರೆ ವಿಸ್ತೃತ ರೂಪ. ವಿಸ್ತೃತ ರೂಪದ ಪಾಠಕ್ಕೆ ಬೇರೆ ವಿವರಣೆ ಬೇಕಿಲ್ಲ.

ಒಂದು ಸೆಟ್ಟಿಗೆ 36 ಪಟ್ಟಿ: 1ರಿಂದ 9, 10ರಿಂದ 90, 100ರಿಂದ 900, 1000ದಿಂದ 9000. ಕಿಟ್‌ನಲ್ಲಿ ಬರುವ ಸೆಟ್ಟುಗಳು ಗುಂಪಿಗೆ ಸಾಲಬಹುದು, ಜೋಡಿಗೊಂದು ಸೆಟ್ಟು ಬೇಕೆಂದರೆ ಕೈಯಿಂದ ಮಾಡಿಕೊಳ್ಳಬೇಕು, ಅದೇನೂ ಕಷ್ಟವಲ್ಲ. ಬಿಡಿಯದು 4 ಸೆಂ.ಮೀ. ಚೌಕ ಇರಲಿ, ಹತ್ತರದು 8, ನೂರರದು 12, ಸಾವಿರದ್ದು 16 ಸೆಂ.ಮೀ. ಉದ್ದ, ಎತ್ತರ ಎಲ್ಲಕ್ಕೂ 4. 56×71 ಸೆಂ.ಮೀ. ಅಳತೆಯ ಒಂದು ಚಾರ್ಟ್ ಹಾಳೆಯಲ್ಲಿ 4 ಸೆಂ.ಮೀ. ಎತ್ತರದ ಅಡ್ಡ ಸಾಲು ಎಳೆಯುತ್ತ ಬಂದು, ಒಂದು ಸಾಲಿನಲ್ಲಿ ಮೂರು ಸಾವಿರದ ಪಟ್ಟಿ ಮತ್ತು ಒಂದು ಹತ್ತರ ಪಟ್ಟಿ, ಇನ್ನೊಂದರಲ್ಲಿ ನಾಲ್ಕು ನೂರರ ಪಟ್ಟಿ ಮತ್ತು ಒಂದು ಹತ್ತರದು ಹೀಗೆ ಹೊಂದಿಸಿದರೆ ಎರಡು ಸೆಟ್ಟು ಬಂದು ಇನ್ನೂ ಜಾಗ ಉಳಿಯುತ್ತದೆ. ಪ್ರತಿ ಸ್ಥಾನಕ್ಕೂ ಬೇರೆ ಬಣ್ಣದ ಸ್ಕೆಚ್ ಪೆನ್ನು. ಅಂಕಿಯನ್ನು ತನ್ನ 4 ಸೆಂ.ಮೀ. ಮನೆಯ ನಟ್ಟನಡುವೆ ಬರೆಯದಿದ್ದರೆ ಮೇಲಿನ ಪಟ್ಟಿ ಕೆಳಗಿನ ಅಂಕಿಯನ್ನು ಅರ್ಧ ಮುಚ್ಚಿ ಗೊಂದಲ ಆಗುತ್ತದೆ. ಅಂಗಡಿಯ ಲ್ಯಾಮಿನೇಟ್ ಪಟ್ಟಿಗಳು ನುಣುಪಾಗಿ ಜಾರುತ್ತವೆ, ಬಲ ಅಂಚಿಗೆ ಬಟ್ಟೆ ಕ್ಲಿಪ್ಪು ಹಾಕಿಸಿ.

ಭಿನ್ನರಾಶಿಗೆ ಕಿಟ್‌ನಲ್ಲಿ ಎರಡು ಬಗೆ ಸಾಮಾನು ಬರುತ್ತದೆ: ದುಂಡನೆಯ ಹೋಳುಗಳು, ಉದ್ದನೆಯ ಪಟ್ಟಿಗಳು. ಶಿಕ್ಷಕರು ಸಾಮಾನ್ಯವಾಗಿ ದುಂಡನ್ನೇ ಎತ್ತಿಕೊಳ್ಳುತ್ತಾರೆ, ರೊಟ್ಟಿ ಹರಿದು ಹಂಚಿದ ಉದಾಹರಣೆ ಎಲ್ಲರ ಬಾಯಲ್ಲೂ ಇದೆಯಲ್ಲ. ಅರ್ಧ, ಕಾಲು ತೋರಿಸುವವರೆಗೆ ದುಂಡು ಸಾಕು. ಮೂರನೇ ಒಂದು, ಆರನೇ ಒಂದು ಬಂದ ಕೂಡಲೇ ಅದು ಕೈಕೊಡುತ್ತದೆ. ಎರಡು ಹೋಳುಗಳಲ್ಲಿ ಯಾವುದು ದೊಡ್ಡದು ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ಕೂಡಿಸಿದ ಮೇಲೆ ಎಷ್ಟಾಯಿತೆಂದು ಅಳೆಯುವುದು ಇನ್ನೂ ಕಷ್ಟ. ಪಟ್ಟಿಯನ್ನು ಸ್ಕೇಲಿನಿಂದ ಅಳೆಯಬಹುದು. ಅದರ ಹೆಚ್ಚುಗಾರಿಕೆ ಅಷ್ಟೇ, ಆದರೆ ಅದೇ ದೊಡ್ಡದು.

ಮಕ್ಕಳಿಂದ ಮಾಡಿಸುವುದಾದರೆ 24 ಸೆಂ.ಮೀ. ಉದ್ದದ ಪಟ್ಟಿ ತೆಗೆದುಕೊಳ್ಳಿ. ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಹನ್ನೆರಡನೇ ಒಂದು 2 ಸೆಂ.ಮೀ. ಎಲ್ಲೂ ಅರೆಬರೆ ಅಳತೆ ಇಲ್ಲ. ಐದನೇ ಒಂದು ಬೇಕಾದಾಗ ಮಾತ್ರ 30 ಸೆಂ.ಮೀ. ಪಟ್ಟಿ, ಆಗ ಅದು 6, ಹತ್ತನೇ ಒಂದು 3. ಬೇರೆ ಬೇರೆ ಉದ್ದದ ಪಟ್ಟಿಗಳನ್ನು ಒಂದೇ ಚೀಲದಲ್ಲಿ ಬೆರೆಸಬಾರದು. ಬೆರೆತರೆ ಒಂದು ಸೆಟ್ಟಿನ ಕಾಲಿಗೂ ಇನ್ನೊಂದರ ಕಾಲಿಗೂ ಹೊಂದದೆ ಇಡೀ ತರಗತಿ ಕೂತುಬಿಡುತ್ತದೆ.

1/2 ಮತ್ತು 1/3 ಕೂಡಿಸಿದರೆ 2/5 ಎಂದು ಬರೆಯುವ ತಪ್ಪು ಇಲ್ಲಿ ತಾನಾಗಿ ಕುಸಿಯುತ್ತದೆ. 12 ಸೆಂ.ಮೀ. ಪಟ್ಟಿಯ ಮುಂದೆ 8 ಸೆಂ.ಮೀ. ಪಟ್ಟಿ ಇಡಿಸಿ, 20 ಆಯಿತು. ಅದರ ಕೆಳಗೆ 4 ಸೆಂ.ಮೀ.ನ ಆರನೇ ಒಂದರ ತುಂಡುಗಳನ್ನು ಹಚ್ಚಿದರೆ ಐದು ಹಿಡಿಯುತ್ತವೆ, 5/6. ಇನ್ನು 2/5 ಅಂದರೆ 24ರಲ್ಲಿ ಹತ್ತು ಸೆಂ.ಮೀ. ಕೂಡ ಆಗುವುದಿಲ್ಲ. ಅರ್ಧಕ್ಕೆ ಮತ್ತಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಎಂದು ಕೇಳಿ ಸುಮ್ಮನಿರಿ. ಸಮಚ್ಛೇದದ ನಿಯಮ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಎಂಬ ತಪ್ಪಿಗೆ ಕಿಟ್‌ಗಿಂತ ಸಂತೆ ಮೇಲು. ನಮ್ಮ ಕಡೆ ಪಾವ್ ಕಿಲೋ ಗೊತ್ತಿಲ್ಲದ ಮಗು ಇಲ್ಲ. ಪಾವ್ ಕಿಲೋ ಅಂದರೆ ಕಾಲು, 250 ಗ್ರಾಂ. ಅದರಲ್ಲಿ ಅರ್ಧ 125 ಗ್ರಾಂ, ಅದು ಎಂಟನೇ ಒಂದು. ಮೆಣಸಿನಕಾಯಿ ಯಾವುದರಲ್ಲಿ ಜಾಸ್ತಿ ಬರುತ್ತದೆ ಎಂದು ಕೇಳಿದ ಮೇಲೆ ಪಟ್ಟಿ ತೆಗೆದರೆ ಪಟ್ಟಿಗೂ ಅರ್ಥ ಬರುತ್ತದೆ.

ನೂರು ಮಣಿಗಳ ಮಾಲೆಯಲ್ಲಿ ಹತ್ತಕ್ಕೊಂದು ಬಣ್ಣ ಬದಲಾಗಬೇಕು, ಎರಡೇ ಬಣ್ಣ ಸಾಕು. ಗೋಡೆಯುದ್ದಕ್ಕೆ ಮಕ್ಕಳ ಎದೆಯೆತ್ತರಕ್ಕೆ ಕಟ್ಟಿ. 47 ತೋರಿಸು ಅಂದರೆ ಕ್ಲಿಪ್ಪು 47ನೇ ಮಣಿ ದಾಟಿದ ಮೇಲೆ ಬೀಳಬೇಕು. ಮಣಿಯ ಮೇಲೆಯೇ ಕ್ಲಿಪ್ಪು ಹಾಕುವ ರೂಢಿ ಬಿದ್ದರೆ ಮುಂದೆ ಎಣಿಸುವಾಗ ಆ ಮಣಿಯನ್ನೇ ಮತ್ತೆ ಒಂದು ಎಂದು ಹಿಡಿದು ಉತ್ತರ ಪ್ರತಿ ಸಲ ಒಂದು ಕಡಿಮೆ ಬರುತ್ತದೆ. 52 ಮತ್ತು 38ರ ನಡುವೆ ಎಷ್ಟು ಅಂದರೆ 38ರಿಂದ 40ಕ್ಕೆ 2, 50ಕ್ಕೆ 10, 52ಕ್ಕೆ 2, ಒಟ್ಟು 14. ಬಾಯಿಲೆಕ್ಕದ ದಾರಿ ಇದು, ದಶಕ ತೆಗೆದುಕೊಳ್ಳುವ ಗೋಜೇ ಇಲ್ಲ. ಮಾಲೆಯ ದೋಷ ದಾರದ್ದು. ಪೆಟ್ಟಿಗೆಯ ಜೊತೆ ಬಂದ ದಾರ ಸವೆದು ಹರಿದರೆ ಮಣಿ ಹುಡುಕುತ್ತ ಅರ್ಧ ಅವಧಿ ಹೋಗುತ್ತದೆ. ಬಂದ ದಿನವೇ ಬಿಚ್ಚಿ ದಪ್ಪ ನೈಲಾನ್ ದಾರಕ್ಕೆ ಪೋಣಿಸಿ, ಮಣಿ ಸರಿಸಲು ಒಂದು ಗೇಣು ದಾರ ಹೆಚ್ಚು ಬಿಡಿ.

ಆಟದ ನೋಟುಗಳು ಪೆಟ್ಟಿಗೆಯ ವಯಸ್ಸು ಹೇಳುತ್ತವೆ. ಸಾವಿರದ ನೋಟು ಇದ್ದರೆ 2016ರ ನವೆಂಬರಿಗೆ ಮೊದಲಿನ ಅಚ್ಚು. 200ರ ನೋಟು 2017ರಲ್ಲಿ ಬಂದದ್ದು. 2000ದ ನೋಟನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಳ್ಳುವುದಾಗಿ 2023ರ ಮೇ ತಿಂಗಳಲ್ಲಿ ಹೇಳಿದರು. ಹಳತಾಯಿತೆಂದು ಸಾವಿರದ್ದನ್ನು ಎಸೆಯಬೇಡಿ. ಸ್ಥಾನಬೆಲೆಗೆ ಬೇಕಾದದ್ದು 1, 10, 100, 1000 ಮಾತ್ರ. ಇವನ್ನು ಒಂದು ಚೀಲದಲ್ಲಿಡಿ. 2, 5, 20, 50, 200, 500 ಅಂಗಡಿ ಆಟಕ್ಕೆ, ಬೇರೆ ಚೀಲ. ಎರಡನ್ನೂ ಬೆರೆಸಿ ಸ್ಥಾನಬೆಲೆ ಕಲಿಸಲು ಹೋದರೆ ಐವತ್ತರ ನೋಟು ಯಾವ ಸ್ಥಾನದ್ದು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅಂಗಡಿ ಆಟದಲ್ಲಿ ಇನ್ನೊಂದು ಕಾಣುತ್ತದೆ: ಮನೆಯವರ ಜೊತೆ ಸಂತೆಯಲ್ಲಿ ಕೂತು ಬಂದ ಮಗು 63 ರೂಪಾಯಿಗೆ ನೂರು ಕೊಟ್ಟರೆ 37 ಚಿಲ್ಲರೆಯನ್ನು ಸಲೀಸಾಗಿ ಎಣಿಸಿ ಕೊಡುತ್ತದೆ, ಅದೇ 100 − 63 ಬರೆದು ಕೊಟ್ಟರೆ 163 ಎಂದೋ 47 ಎಂದೋ ಬರೆಯುತ್ತದೆ. 63ರಿಂದ 70ಕ್ಕೆ 7, 70ರಿಂದ 100ಕ್ಕೆ 30 ಎಂದು ಅದು ಬಾಯಲ್ಲಿ ಮಾಡಿದ್ದನ್ನೇ ಹಾಗೆ ಬರೆಸಿ. ಅದಕ್ಕೆ ಕಲಿಸಬೇಕಾದದ್ದು ಬರವಣಿಗೆಯಷ್ಟೇ, ಲೆಕ್ಕ ಅದಕ್ಕೆ ಬರುತ್ತದೆ.

ಇನ್ನು ಚಿಲ್ಲರೆ ಸಾಮಾನುಗಳು. ಗಡಿಯಾರದಲ್ಲಿ ನೋಡಬೇಕಾದದ್ದು ಒಂದೇ: ನಿಮಿಷದ ಮುಳ್ಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಗಂಟೆಯ ಮುಳ್ಳು ಒಂದು ಅಂಕಿ ಮುಂದೆ ಹೋಗಬೇಕು. ಹಲ್ಲಿನ ಚಕ್ರ ಇಲ್ಲದ ಅಗ್ಗದ ಗಡಿಯಾರದಲ್ಲಿ ಎರಡೂ ಮುಳ್ಳು ತಮ್ಮ ಪಾಡಿಗೆ ತಿರುಗುತ್ತವೆ. ಮೂರೂವರೆಗೆ ಗಂಟೆಯ ಮುಳ್ಳು ಮೂರರ ಮೇಲೆಯೇ ಕೂತಿದ್ದರೆ ಮಗು ಕಲಿಯುವುದು ಸುಳ್ಳು. ಅಂಥದ್ದು ಇರುವುದಕ್ಕಿಂತ ಇಲ್ಲದಿರುವುದೇ ಲೇಸು, ಗೋಡೆಯ ಹಳೆಯ ಗಡಿಯಾರದ ಸೆಲ್ಲು ತೆಗೆದು ಹಿಂದಿನ ತಿರುಪಿನಿಂದ ತಿರುಗಿಸಿದರೆ ಅದು ಸರಿಯಾಗಿ ತೋರಿಸುತ್ತದೆ. ಪ್ಲಾಸ್ಟಿಕ್ ತಕ್ಕಡಿ ಖಾಲಿ ಇದ್ದಾಗಲೇ ಒಂದು ಕಡೆ ವಾಲಿರುತ್ತದೆ. ಹಗುರಾದ ತಟ್ಟೆಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಸಮ ಮಾಡಿಕೊಳ್ಳಬೇಕು, ಹಾಗೆ ಮಾಡಿದರೂ ಸಣ್ಣ ತೂಕಕ್ಕೆ ಅದು ನಂಬುಗೆಯದಲ್ಲ. ಊರ ಕಿರಾಣಿ ಅಂಗಡಿಯಿಂದ ಒಂದು ದಿನಕ್ಕೆ ತಕ್ಕಡಿ, ಬಟ್ಟು ತಂದರೆ ಪಾಠ ಚೆನ್ನಾಗಿ ಆಗುತ್ತದೆ. ಕೋನಮಾಪಕ ಸರಿ ಇದೆ. ಘನಾಕೃತಿಗಳೂ ಅವುಗಳ ಬಿಡಿಸಿದ ಜಾಲಾಕೃತಿಗಳೂ ಚೆಂದ ಇವೆ, ಆದರೆ ಬೆಂಕಿಪೊಟ್ಟಣ, ಟೂತ್‌ಪೇಸ್ಟ್ ಡಬ್ಬಿ ಬಿಚ್ಚಿದರೂ ಅದೇ ಕೆಲಸ ಆಗುತ್ತದೆ. ದಾಳ ಮೊದಲ ವಾರವೇ ಕಳೆದುಹೋಗುತ್ತದೆ.

ಕಿಟ್ ಬಳಸದಿರಲು ಶಿಕ್ಷಕರು ಹೇಳುವ ಕಾರಣ ಸಮಯ, ಅದು ಸುಳ್ಳಲ್ಲ. 40 ನಿಮಿಷದ ಅವಧಿಯಲ್ಲಿ ಹಂಚಲು ಏಳೆಂಟು ನಿಮಿಷ, ಕೂಡಿಸಿಕೊಳ್ಳಲು ಏಳೆಂಟು ನಿಮಿಷ ಹೋದರೆ ಉಳಿಯುವುದು ಏನು? ಪೆಟ್ಟಿಗೆಯ ವಿನ್ಯಾಸದ ದೊಡ್ಡ ಕೊರತೆ ಇಲ್ಲೇ: ಎಲ್ಲ ಘನ ಒಂದು ಖಾನೆಯಲ್ಲಿ, ಎಲ್ಲ ಪಟ್ಟಿ ಇನ್ನೊಂದರಲ್ಲಿ. ಜೋಡಿಸಿ ಇಡಲು ಅದು ಅನುಕೂಲ, ಪಾಠಕ್ಕೆ ಅಲ್ಲ. ಘನ ಸಿಗುವ ಗುಂಪಿಗೊಂದು ಜಿಪ್ ಚೀಲ ಮಾಡಿ. ಒಳಗೆ ಒಂದು ಚೀಟಿ: 5 ಹಲಗೆ, 20 ಕೋಲು, 20 ಬಿಡಿ. ಗುಂಪಿನ ನಾಯಕಿ ಚೀಲ ಒಯ್ಯುತ್ತಾಳೆ, ಮುಗಿದಾಗ ಬಿಡಿಗಳನ್ನು ಹತ್ತು ಹತ್ತರ ಸಾಲು ಹಚ್ಚಿ ತೋರಿಸಿ ಒಳಗೆ ಹಾಕುತ್ತಾಳೆ. «ಎರಡು ಸಾಲು ಪೂರ್ತಿ ಐತಿ ನೋಡ್ರಿ ಸರ» ಅಂದರೆ ಒಂದು ನೋಟಕ್ಕೆ ಎಣಿಕೆ ಮುಗಿಯಿತು. ಒಂದು ಬಿಡಿ ಕಡಿಮೆ ಬಿದ್ದರೆ ಅದು ಕಂಪಾಸ್ ಡಬ್ಬಿಯಲ್ಲಿ ಇರುತ್ತದೆ, ಗದರಿಸುವ ಮೊದಲು ಡಬ್ಬಿ ತೆಗೆಸಿ. ಹೀಗೆ ಮಾಡಿದರೆ ಹಂಚುವುದು, ಕೂಡಿಸುವುದು ಎರಡೂ ಸೇರಿ ಐದು ನಿಮಿಷಕ್ಕೆ ಬರುತ್ತದೆ.

ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣೆಯಲ್ಲಿ ಇರುವ ಶಾಲೆಗಳೂ ನಮ್ಮಲ್ಲಿ ಕಡಿಮೆ ಏನಿಲ್ಲ. ಅಲ್ಲಿ ಎರಡೂ ತರಗತಿಗೆ ಒಟ್ಟಿಗೆ ಹೊಸ ಪಾಠ ಇಟ್ಟುಕೊಳ್ಳಬಾರದು. ಒಂದಕ್ಕೆ ಹೊಸದು, ಇನ್ನೊಂದಕ್ಕೆ ಗೊತ್ತಿರುವ ಸಾಮಾನಿನಿಂದ ಅಭ್ಯಾಸ. ಸಾಮಾನು ಹೊಸದಾಗಿದ್ದರೆ ಶಿಕ್ಷಕರಿಲ್ಲದೆ ಆ ಗುಂಪು ನಡೆಯುವುದಿಲ್ಲ.

ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಇಳಿಯುತ್ತದೆ, ಗುಳೆ ಹೋದ ಮನೆಯ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ತಿರುಗಿ ಬಂದ ಮಗುವಿಗೆ ಬಿಟ್ಟುಹೋದ ಪಾಠವನ್ನು ಹಲಗೆಯ ಮೇಲೆ ಮತ್ತೆ ಮಾಡಲು ಯಾರಿಗೂ ಪುರಸೊತ್ತಿಲ್ಲ. ಚೀಲವನ್ನೂ ಲೆಕ್ಕ ಮಾಡಲು ಬರುವ ಒಬ್ಬ ಜೊತೆಗಾರನನ್ನೂ ಕೊಟ್ಟು, ಮೊದಲು ಎರಡಂಕಿಯ ಐದು ಲೆಕ್ಕ, ಆಮೇಲೆ ಮೂರಂಕಿಯ ಐದು ಎಂದು ಚೀಟಿ ಬರೆದು ಕೂರಿಸಬಹುದು. ಬರೀ ಪಠ್ಯಪುಸ್ತಕದಿಂದ ಈ ಕೆಲಸ ಆಗುವುದಿಲ್ಲ. ಕಿಟ್‌ಗೆ ಹಾಕಿದ ದುಡ್ಡು ನಮ್ಮ ಭಾಗದಲ್ಲಿ ಬೇರೆ ಕಡೆಗಿಂತ ಹೆಚ್ಚು ಹುಟ್ಟುವುದು ಇಲ್ಲೇ ಇರಬೇಕು.

ಬಾಳಿಕೆಗೆ ಶತ್ರು ಮಕ್ಕಳಲ್ಲ, ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕೋಣೆಯ ಕಬ್ಬಿಣದ ಅಲಮಾರಿಯಲ್ಲಿ ಪಟ್ಟಿಗಳು ಬಾಗುತ್ತವೆ, ಲ್ಯಾಮಿನೇಷನ್ನಿನ ಅಂಚು ಬಿಟ್ಟುಕೊಳ್ಳುತ್ತದೆ. ರಜೆಗೆ ಮುಂಚೆ ಪಟ್ಟಿಗಳನ್ನೆಲ್ಲ ಒಂದರ ಮೇಲೊಂದು ಸಮ ಮಾಡಿ, ಮೇಲೆ ಹಳೆಯ ಪಠ್ಯಪುಸ್ತಕದ ಕಟ್ಟು ಹೇರಿ, ಅಲಮಾರಿಯ ಕೆಳ ಖಾನೆಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ಸೆಕೆಗೆ ಅದು ಕರಗಿ ಅಂಟಿಕೊಳ್ಳುತ್ತದೆ, ದಾರದಿಂದ ಕಟ್ಟಿ. ಎರೆಮಣ್ಣಿನ ಧೂಳು ಕೂತ ಘನಗಳನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಇಲಿ ಬರುವ ಶಾಲೆಯಲ್ಲಿ ಬೀಜ ತುಂಬಿದ ಚೀಲವನ್ನು ಕಿಟ್ ಜೊತೆ ಇಡಲೇಬಾರದು.

ಕೀಲಿಯ ವಿಷಯ ಉಳಿಯಿತು. ಸಾಮಾನು ಕಳೆದರೆ ದಾಸ್ತಾನು ವಹಿಗೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆಯಿಂದಲೇ ಮುಖ್ಯಗುರುಗಳು ಕಿಟ್ ಹೊರಗೆ ಬಿಡುವುದಿಲ್ಲ. ಬಿಡಿ, ಕೋಲು, ಮಣಿ, ನೋಟು ಬಳಕೆಯಿಂದ ಸವೆಯುವ ವಸ್ತುಗಳು. ಗಡಿಯಾರ, ತಕ್ಕಡಿ, ಪೆಟ್ಟಿಗೆ ಬಾಳುವ ವಸ್ತುಗಳು. ಮೊದಲನೆಯವನ್ನು ಚಾಕ್‌ಪೀಸಿನ ಹಾಗೆ ಬಳಕೆ ವಸ್ತುಗಳ ಪುಟದಲ್ಲಿ ಬರೆದು, ವರ್ಷದ ಕೊನೆಗೆ ಎಷ್ಟು ಉಳಿದಿವೆ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಸಹಿ ಹಾಕಿಸಿಕೊಂಡರೆ ಆ ಹೆದರಿಕೆಗೆ ಜಾಗ ಇರುವುದಿಲ್ಲ. ಮುಂದಿನ ವರ್ಷ ಶಾಲಾ ಅನುದಾನದಲ್ಲಿ ಕೊಳ್ಳುವಾಗ ಇಡೀ ಪೆಟ್ಟಿಗೆ ಕೇಳಬೇಡಿ. ಬಿಡಿ ಮತ್ತು ಕೋಲು ಮಾತ್ರ ಬಿಡಿಬಿಡಿಯಾಗಿ ಕೊಡುವ ಅಂಗಡಿ ಹುಡುಕಿ, ಅಳತೆ ಹೊಂದುತ್ತದೆಯೇ ಎಂದು ನೋಡಲು ಹಳೆಯ ಒಂದು ಕೋಲು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.